ಮೈ ತೊಡಿಸಿ, ಕಣ್ಣು ತೆರೆಸಿ

ಎಂಜಿನ್ ಕೂರಿಸುವುದು ತೋಳುಬಲದ ಕೆಲಸ, ಬ್ರೇಕ್ ಜೋಡಿಸುವುದು ಎದೆ ಢವಗುಟ್ಟಿಸುವ ಕೆಲಸ. ಕಾರಿಗೆ ಮೈ ತೊಡಿಸಿ ದೀಪ ಕೂರಿಸುವುದಿದೆಯಲ್ಲ, ಅದು ನನ್ನ ಪಾಲಿಗೆ ಅಪ್ಪಟ ಸುಖ.

ಮುಂಬೈಯ ಮುಲುಂಡಿನಲ್ಲಿರುವ ಗೆಳೆಯನ ಷೆಡ್ಡಿನಲ್ಲಿ ನಾವು ಕಟ್ಟುತ್ತಿರುವುದು ಲೋಟಸ್ ಸೆವೆನ್ ಗೋತ್ರದ ಕಾರು. ಪೈಪುಗಳ ಚಾಸಿ, ಎರಡೇ ಸೀಟು. 1957ರಲ್ಲಿ ಬಂದ ಮೂಲ ಸೆವೆನ್ ಕಾರನ್ನು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ ಬಿಡಿಭಾಗಗಳಾಗಿಯೂ ಮಾರುತ್ತಿದ್ದರು. ಮನೆಯಲ್ಲೇ ಜೋಡಿಸಿಕೊಂಡವರಿಗೆ ಅಲ್ಲಿನ ಖರೀದಿ ತೆರಿಗೆ ಉಳಿಯುತ್ತಿತ್ತು. ನಮ್ಮ ಅಲಿಬಾಗ್ ಕಡೆಯ ಚಿಂಕಾರಾ ಮೋಟಾರ್ಸ್ ಅದೇ ಚೆಹರೆಯ ರೋಡ್‌ಸ್ಟರ್ ತಯಾರಿಸಿತು. ಮೈ ಫೈಬರಿನದು, ಎಂಜಿನ್ ಆ್ಯಂಬಾಸಿಡರಿಗೂ ಹಾಕುತ್ತಿದ್ದ 1.8 ಲೀಟರಿನ ಇಸುಝು. ಅದನ್ನು ಕಂಡ ಮೇಲೆಯೇ ನಮಗೆ ಈ ಹುಚ್ಚು ಹತ್ತಿದ್ದು. ಮನೆಯಲ್ಲಿ ಕಟ್ಟಿದ ಗಾಡಿಗೆ ನಮ್ಮಲ್ಲಿ ನಂಬರ್ ಸಿಗುವುದು ಬಲು ಕಷ್ಟ, ಆದ್ದರಿಂದ ನಮ್ಮದು ಖಾಸಗಿ ಜಾಗದಲ್ಲಷ್ಟೇ ಓಡಲಿದೆ. ಹಾಗೆಂದು ದೀಪದ ವಿಷಯದಲ್ಲಿ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ.

ನಮ್ಮ ಕಾರಿನ ಮೈಯೂ ಫೈಬರಿನದೇ, ಮುಂಬೈಯ ಮಳೆಗಾಲ ಅದಕ್ಕೆ ಶತ್ರು. ಗಾಳಿಯಲ್ಲಿ ತೇವ ತುಂಬಿದ್ದರೆ ಫೈಬರನ್ನು ಬೆಸೆಯುವ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ನವರಾತ್ರಿ ಕಳೆದು ಗಾಳಿ ಒಣಗಿದ ಮೇಲೆಯೇ ನಾವು ಮಡ್‌ಗಾರ್ಡು, ಮೂತಿ, ಬಾನೆಟ್ ಹೊರತೆಗೆಯುವುದು. ಮೊದಲು ಎಲ್ಲವನ್ನೂ ಟೇಪ್ ಹಚ್ಚಿ ನಿಲ್ಲಿಸಿ, ದೂರ ಹೋಗಿ ನೋಡಬೇಕು. ಬಾನೆಟ್ಟಿನ ಸಂದು ಎರಡೂ ಕಡೆ ಸಮನಾಗುವವರೆಗೆ ಅರದಿಂದ ಒಂದಿಷ್ಟೇ ಉಜ್ಜು, ಮತ್ತೆ ಕೂರಿಸು, ಮತ್ತೆ ತೆಗೆ. ತೂತು ಕೊರೆಯುವುದು ಹೊರಗಿನ ನುಣುಪು ಪದರದಿಂದ ಒಳಕ್ಕೆ, ಟೇಪಿನ ಮೇಲೆ, ನಿಧಾನಕ್ಕೆ. ಇಲ್ಲದಿದ್ದರೆ ಪದರ ಸಿಡಿಯುತ್ತದೆ. ನಟ್ಟಿನಡಿ ಅಗಲವಾದ ವಾಷರ್, ನಡುವೆ ರಬ್ಬರ್. ಫೈಬರಿನ ಪುಡಿ ತೋಳಿಗೆ ತಗುಲಿದರೆ ರಾತ್ರಿಯಿಡೀ ನವೆ, ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಮೂರ್ತಿಗೆ ಕಡೆಯಲ್ಲಿ ಕಣ್ಣು ತೆರೆಸುವ ಶಿಲ್ಪಿಯಂತೆ, ದೀಪದ ಡಬ್ಬ ತೆರೆಯುವಾಗ ನನ್ನ ಕೈ ತಾನಾಗಿಯೇ ನಿಧಾನವಾಗುತ್ತದೆ. ಏಳಿಂಚಿನ ದುಂಡು ದೀಪ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಸುಲಭವಾಗಿ ಸಿಗುತ್ತದೆ. ಆ್ಯಂಬಾಸಿಡರ್, ಜೀಪು, ಬುಲೆಟ್ ಎಲ್ಲಕ್ಕೂ ಅದೇ ಅಳತೆ. ಉಕ್ಕಿನ ಕಾರಿನಲ್ಲಿ ಕರೆಂಟು ಬ್ಯಾಟರಿಗೆ ಮರಳಲು ಮೈಯೇ ದಾರಿ. ಫೈಬರಿನಲ್ಲಿ ಕರೆಂಟು ಹರಿಯದು, ಪ್ರತಿ ದೀಪಕ್ಕೂ ಬೇರೆ ಅರ್ಥ್ ತಂತಿ ಎಳೆಯಬೇಕು. ಯಾರ ಕಣ್ಣಿಗೂ ಬೀಳದ ಆ ಕಪ್ಪು ತಂತಿಗಳನ್ನು ಸಾಲಾಗಿ ಕಟ್ಟುತ್ತಾ ಕೂತರೆ ನನಗೆ ಊಟದ ನೆನಪೂ ಆಗುವುದಿಲ್ಲ. ಕಡಲ ಗಾಳಿಗೆ ತಾಮ್ರ ಹಸಿರುಗಟ್ಟುವುದರಿಂದ ತುದಿಗಳಿಗೆ ತವರ ಹಚ್ಚಿರಬೇಕು. 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 10. ಅಷ್ಟನ್ನೂ ಸ್ವಿಚ್ಚಿನ ಮೇಲೆ ಹೇರದೆ ರಿಲೇ ಹಾಕಿದರೆ ಬೆಳಕೂ ಮಂಕಾಗುವುದಿಲ್ಲ.

ಕತ್ತಲಾದ ಮೇಲೆ ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತೇವೆ. ಡಿಮ್ ಬೆಳಕಿನ ಅಂಚು ಆ ಗೆರೆಗಿಂತ ಕೆಳಗೆ ನಿಲ್ಲಬೇಕು, ಎಡಕ್ಕೆ ಮಾತ್ರ ಕೊಂಚ ಮೇಲೇರಬೇಕು. ಬಲಬದಿಯಲ್ಲಿ ಓಡಿಸುವ ದೇಶಗಳಿಗೆಂದು ಮಾಡಿದ ದೀಪ ಬಲಕ್ಕೆ ಏರುತ್ತದೆ, ನಮ್ಮಲ್ಲಿ ಎದುರು ಬರುವವರ ಕಣ್ಣಿಗೇ ಹೊಡೆಯುತ್ತದೆ. ನೀವು ಕಾರು ಕಟ್ಟದಿದ್ದರೂ, ಹಳೆಯ ಗಾಡಿಗೆ ಹೊಸ ದೀಪ ಕೊಳ್ಳುವಾಗ ಎಡಕ್ಕೆ ಏರುವುದನ್ನೇ ಕೇಳಿ ಪಡೆಯಿರಿ. ಮನೆಗೆ ಬಂದು ಗೋಡೆಯ ಮೇಲೊಮ್ಮೆ ಬಿಟ್ಟು ನೋಡಿ.