ಭಂಗಾರದ ಅಂಗಡಿಯ ಜಿಮ್

1/8
ಫೋಟೋದಾಗ ಕಾಣೂದು ನಮ್ಮ ಮನಿ ಪಡಸಾಲಿ ಮೂಲಿ. ಗ್ವಾಡಿಗೆ ಆನಿಸಿಟ್ಟ ಒಂದು ರಾಡು, ಆರು ಕಬ್ಬಿಣದ ಪ್ಲೇಟು, ಒಂದು ಬೆಂಚು. ಹಿಂದ ಜ್ವಾಳದ ಚೀಲ, ಅವ್ವನ ಹೊಲಿಗಿ ಮಶೀನು. ಹೋದ ತಿಂಗಳು ಇದರ ರೀಲ್ ಹಾಕಿ "4,000 ರೂಪಾಯಿದಾಗ ಮನಿಯಾಗ ಜಿಮ್" ಅಂತ ಬರದಿದ್ದೆ. ಕ್ಲಾಸಿನವರು ಕೇಳಿದ್ರಿ, ಮೂಡಲಗಿ, ಹುಕ್ಕೇರಿ ಕಡಿಂದ ಗುರ್ತಿಲ್ಲದವರೂ "ಅಕ್ಕಾ, ಲಿಂಕ್ ಕಳಸ್ರಿ" ಅಂತ ಮೆಸೇಜ್ ಮಾಡಿದ್ರಿ.

ಲಿಂಕ್ ಇಲ್ಲ. ಇದರಾಗ ಒಂದು ಸಾಮಾನೂ ಆನ್‌ಲೈನ್‌ನಾಗ ಬಂದಿಲ್ಲ. ಇನ್ನೊಂದು ಮಾತು: ನಾ ಬರದಿದ್ದು ಪೂರಾ ಖರೆ ಅಲ್ಲ. ಈ ಜಿಮ್ಮಿಗೆ ನನ್ನ ಕೈಯಿಂದ ಹೋಗಿದ್ದು 6,000. ಅದರಾಗ 2,000ಕ್ಕ ಒಂದು ಬೋಲ್ಟೂ ಬರಲಿಲ್ಲ. ಆ 2,000ದ ಕಥಿ ಹೇಳದ ಬರೀ 4,000ದ ಕಥಿ ಹೇಳಿದ್ರ ನಿಮಗ ಮೋಸ ಮಾಡಿದಂಗ ಆಗತೈತಿ. ಅದಕ್ಕ ಈ ಸರಣಿ. ಉದ್ದ ಐತಿ, ಬಸ್ಸಿನ್ಯಾಗ ಕುಂತಾಗ ಓದ್ರಿ.

2/8
ಮೊದಲ ಜಿಮ್ ಯಾಕ ಅನ್ನೂದು ಹೇಳ್ತೀನಿ. ನಾನು ಪೊಲೀಸ್ ಕಾನ್ಸ್‌ಟೇಬಲ್ ಪರೀಕ್ಷೆಗೆ ತಯಾರಿ ಮಾಡಾಕತ್ತೀನಿ ಅನ್ನೂದು ನಿಮಗ ಗೊತ್ತು. ದೈಹಿಕ ಪರೀಕ್ಷೆಯಲ್ಲಿ 400 ಮೀಟರ್ ಓಟ ಇರುತ್ತೆ, ಅದರ ಕಾಳಜಿ ನನಗಿಲ್ಲ. ಅಂಕಲಗಿ ಬಸ್ ಸ್ಟ್ಯಾಂಡಿಗೆ ದಿನಾ ಓಡಿ ಓಡಿ ಕಾಲು ಗಟ್ಟಿ ಆಗ್ಯಾವ. ಕಷ್ಟ ಇರೋದು ಗುಂಡು ಎಸೆತದಾಗ. ಹೆಣ್ಮಕ್ಕಳ ಗುಂಡು 4 ಕಿಲೋ. ಮೊದಲನೇ ಸಲ ಎಸೆದಾಗ ಅದು ನನ್ನ ಬೂಟಿನ ಮುಂದ ಬಿತ್ತು ಅಂತ ನೀವೆಲ್ಲಾ ನಕ್ಕಿದ್ರಿ, ನಾನೂ ನಕ್ಕೆ. ರಾತ್ರಿ ಮಾತ್ರ ನಗು ಬರಲಿಲ್ಲ.

ಕಾಲೇಜು ಮುಗಿಸಿ ಗೋಕಾಕದಾಗ ಜಿಮ್ಮಿಗೆ ಹೋದ್ರ ಮನಿ ಮುಟ್ಟೂದು ಕತ್ತಲಾದ ಮ್ಯಾಲ. ಅವ್ವ ಬ್ಯಾಡ ಅನ್ನಲಿಲ್ಲ, "ದಿನಾ ಬಸ್ ಸ್ಟ್ಯಾಂಡಿಗೆ ನಾ ಬಂದು ನಿಂದರ್ತೀನಿ" ಅಂದ್ಲು. ಅದು ಬ್ಯಾಡ ಅನ್ನೋದಕ್ಕಿಂತ ಭಾರ ಇತ್ತು. ಅಜ್ಜನ ಕಾಲದಾಗ ಗಂಡಸರಿಗೆ ತಾಲೀಮ್ ಇತ್ತು, ಕೆಮ್ಮಣ್ಣು ಇತ್ತು, ಜಾತ್ರಿಯೊಳಗ ಎತ್ತಾಕ ಸಂಗ್ರಾಣಿ ಕಲ್ಲು ಇತ್ತು. ನಮಗೇನಿತ್ತು? ನೀರಿನ ಕೊಡ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 202 ಕಿಲೋ ಎತ್ತಿ ಬೆಳ್ಳಿ ತಂದ ಮೀರಾಬಾಯಿ ಚಾನು ಸಣ್ಣಾಕಿ ಇದ್ದಾಗ ಮಣಿಪುರದ ಗುಡ್ಡದಾಗ ಸೌದಿ ಹೊರಿ ಹೊರತಿದ್ಲಂತ. ಹೊರಿ ಹೊತ್ರ ಸಾಲದು, ಲೆಕ್ಕ ಹಾಕಿ ಭಾರ ಏರಿಸಬೇಕು. ಅದಕ್ಕ ಪ್ಲೇಟು ಬೇಕು.

ಬ್ಲೌಸ್ ಹೊಲಿದು ಕೂಡಿಟ್ಟಿದ್ದು 3,500. ಅಪ್ಪ ಗೋವಿನಜೋಳ ಮಾರಿ ಕೊಟ್ಟಿದ್ದು 2,500. ಒಟ್ಟು 6,000.

3/8
ಈ ಸ್ಕ್ರೀನ್‌ಶಾಟ್‌ನಾಗ ಹೆಸರು, ನಂಬರ ಅಳಿಸೀನಿ. ಜಾಹೀರಾತು ಹಿಂಗಿತ್ತು: ಉದ್ದನ ರಾಡು, 60 ಕಿಲೋ ಪ್ಲೇಟು, ಬೆಂಚು, ಎಲ್ಲಾ ಸೇರಿ 5,000. "ನಾನು ಫೌಜಿ, ಬೆಳಗಾವಿಂದ ವರ್ಗ ಆಗೇತಿ, ಅರ್ಜೆಂಟ್." ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಐತಿ, ನಮ್ಮ ಕಡೆ ಮನಿಗೊಬ್ಬ ಫೌಜಿ. ಸಂಶಯ ಎಲ್ಲಿಂದ ಬರಬೇಕು? ಯೂನಿಫಾರ್ಮಿನ ಫೋಟೋ ಕಳಿಸಿದ, ಗುರುತಿನ ಚೀಟಿ ಕಳಿಸಿದ. "ಸಾಮಾನು ಕ್ಯಾಂಪಿನ ಗೇಟ್ ದಾಟಬೇಕಂದ್ರ 2,000 ಮೊದಲ ಕಟ್ಟಬೇಕು, ಗಾಡಿ ಬಂದ ಮ್ಯಾಲ ವಾಪಸ್" ಅಂದ. ಕಳಿಸಿದೆ. ಅರ್ಧ ತಾಸಿಗೆ ಮತ್ತ 3,000 ಕೇಳಿದ. ನಾ ಒಲ್ಲೆ ಅಂದಾಗ "ಹಂಗಾರ ನಿನ್ನ ರೊಕ್ಕ ವಾಪಸ್ ಕೊಡ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕು" ಅಂದ.

ಬೆರಳು ಪಿನ್ ಮ್ಯಾಲ ಇತ್ತು. ಅಷ್ಟರಾಗ ಕಿರಾಣಿ ಅಂಗಡಿ ನೆನಪಾತು. ಅಂಗಡಿ ಕಾಕಾ ರೊಕ್ಕ ತಗೋಬೇಕಾದ್ರ ಎಂದರ ಪಿನ್ ಹಾಕ್ಯಾರೇನು? ಪಿನ್ ಹಾಕೂದು ಕೊಡಾಕ, ತಗೊಳ್ಳಾಕ ಅಲ್ಲ. ಅಲ್ಲಿಗೆ ನಿಲ್ಲಿಸಿದೆ. ಇಲ್ಲಂದ್ರ ಉಳಿದ 4,000ನೂ ಹೋಗ್ತಿತ್ತು.

ಮೋಸ ಮಾಡಿದಂವ ಫೌಜಿ ಅಲ್ಲ, ಫೌಜಿ ವೇಷ ಹಾಕಿದಂವ. ನಾ ಮಾಡಿದ ದೊಡ್ಡ ತಪ್ಪು ಅಂದ್ರ ನಾಚಿಕಿಯಿಂದ ಮೂರು ದಿನ ಬಾಯಿ ಮುಚ್ಚಿಕೊಂಡು ಕುಂತಿದ್ದು. 1930 ಅನ್ನೋ ಸೈಬರ್ ಸಹಾಯವಾಣಿಗೆ ತಕ್ಷಣ ಫೋನ್ ಹಚ್ಚಿದ್ರ, ರೊಕ್ಕ ಇನ್ನೂ ಯಾವುದರ ಖಾತೆಯಲ್ಲಿ ನಿಂತಿದ್ರ ಅದನ್ನ ತಡೆ ಹಿಡಿಯೋ ದಾರಿ ಇರುತ್ತೆ. ಮೂರನೇ ದಿನ ನಾ ಹಚ್ಚಿದಾಗ ಅದು ಕೈ ದಾಟಿ ಹೋಗಿತ್ತು.

4/8
ಅಪ್ಪಗ ಹೇಳಿದ್ದು ರಾತ್ರಿ, ಲೈಟ್ ಹೋದಾಗ. ಮುಖ ಕಾಣಬಾರದು ಅಂತ ಆ ಹೊತ್ತ ಕಾಯ್ದಿದ್ದೆ. ಅಂವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ:

"ಎತ್ತಿನ ಹಲ್ಲ ನೋಡಿದ್ಯೇನವಾ?"

"ಎತ್ತ ಎಲ್ಲೀದಪಾ? ರಾಡು, ಪ್ಲೇಟು."

"ಅದನ್ನ ಹೇಳಾಕತ್ತೀನಿ. ಎತ್ತಿನ ಫೋಟೋ ನೋಡಿ ಯಾರರ ಸಂಚಕಾರ ಕೊಡ್ತಾರೇನು? ಬಾಯಿ ತೆಗಸಿ ಹಲ್ಲ ನೋಡ್ತಾರ, ನಡಸಿ ನೋಡ್ತಾರ, ನೊಗಾ ಹೂಡಿ ನೋಡ್ತಾರ. ಆಮ್ಯಾಲ ಟಾವೆಲ್ ಕೆಳಗ ಕೈ ಹಿಡಿದು ರೇಟ್ ಮಾತಾಡ್ತಾರ. ನೀ ಮೊದಲ ರೊಕ್ಕ ಕೊಟ್ಟಿ, ಆಮ್ಯಾಲ ಎತ್ತ ಹುಡುಕಿದಿ."

ಬೈತಾನ ಅಂತ ಕಾಯ್ಕೊಂಡಿದ್ದೆ. ಬೈಲಿಲ್ಲ. "ಐತವಾರ ನಾನೂ ಬರ್ತೀನಿ, ಗೋಕಾಕಕ್ಕ ಹೋಗೂಣು" ಅಂದ. ಹಳೇ ಸಾಮಾನು ಖರೀದಿ ಮಾಡೋದರ ಪಾಠ ನನಗ ಸಿಕ್ಕಿದ್ದು ಇಷ್ಟ: ಕೈಯಿಂದ ಮುಟ್ಟೂ ತನಕ ಕಿಸೆ ಬಿಚ್ಚಬ್ಯಾಡ್ರಿ. ಕೆಳಗಿನ ಎಲ್ಲಾ ಮಾತೂ ಇದರದ್ದ ವಿಸ್ತಾರ.

5/8
ಇದು ಗೋಕಾಕದ ಒಂದು ಭಂಗಾರದ ಅಂಗಡಿ. ಬಂಗಾರ ಅಲ್ರಿ, ಭಂಗಾರ, ಗುಜರಿ. ಹಳೇ ಪಂಪ್‌ಸೆಟ್ಟು, ಸೈಕಲ್ಲು, ಕೊಳವಿ ನಡುವೆ ತುಕ್ಕು ಹಿಡಿದ ಪ್ಲೇಟು ಬಿದ್ದಿದ್ದು. ಬಾಜೂಕ ಬಣ್ಣ ಬಣ್ಣದ, ಹೊಸದರಂಗ ಹೊಳಿಯೋ ಪ್ಲೇಟೂ ಇದ್ದು. ನಾ ಹೊಳಿಯೂದಕ್ಕ ಕೈ ಹಾಕಿದೆ. ಅಪ್ಪ ಕೀಲಿಯಿಂದ ಬಡಿದು ತೋರಿಸಿದ. ತುಕ್ಕಿನದು ಠಣ್ ಅಂತು, ಹೊಳಿಯೂದು ದಬ್ ಅಂತು. ಅದು ಮ್ಯಾಲ ಪ್ಲಾಸ್ಟಿಕ್, ಒಳಗ ಸಿಮೆಂಟು ಇಲ್ಲಾ ಉಸುಕು. ಹೊಲಿಗಿ ಬಿಟ್ಟು ಒಡೀತಂದ್ರ ಪಡಸಾಲಿ ತುಂಬ ಉಸುಕ. ಎರಕದ ಕಬ್ಬಿಣಕ್ಕ ವಯಸ್ಸಾಗಂಗಿಲ್ಲ. 5 ಕಿಲೋ ಇಪ್ಪತ್ತು ವರ್ಷದ ಮ್ಯಾಲೂ 5 ಕಿಲೋನ, ತುಕ್ಕು ತಿಂದ್ರ ಚೂರು ಗ್ರಾಂ ಕಡಿಮಿ.

ಎರಡನೇದು ತೂತು. ಸಾದಾ ರಾಡಿನ ಪ್ಲೇಟಿಗೆ ಹೆಚ್ಚು ಕಡಿಮಿ 25ರಿಂದ 30 ಮಿ.ಮೀ. ತೂತು, ಒಲಿಂಪಿಕ್ ರಾಡಿನ ಪ್ಲೇಟಿಗೆ 50 ಮಿ.ಮೀ. ಎರಡೂ ಕೂಡಂಗಿಲ್ಲ. ಪಟ್ಟಿ ಇಲ್ಲಂದ್ರ 10 ರೂಪಾಯಿ ನಾಣ್ಯ ಹಿಡಿರಿ, ಅದರ ಅಗಲ 27 ಮಿ.ಮೀ. ನಾಣ್ಯ ತೂತಿಗೆ ಬಿಗಿ ಕುಂತ್ರ ಇಲ್ಲಾ ಚೂರು ಸಡಲ ಇದ್ರ ಸಣ್ಣ ತೂತು. ಬಾಜೂಕ ಬಾಳ ಜಾಗ ಉಳಿದ್ರ ದೊಡ್ಡದು.

ಮೂರನೇದು ತೂಕ. ಪ್ಲೇಟಿನ ಮ್ಯಾಲ ಬರದ ಅಂಕಿ ನಂಬಬ್ಯಾಡ್ರಿ, ಕಾಟಾದ ಮ್ಯಾಲ ಇಡಸ್ರಿ. ನನ್ನ ನಾಕು 5 ಕಿಲೋ, ಎರಡು 2.5 ಕಿಲೋ ಸೇರಿ 25 ಆಗಬೇಕಿತ್ತು, ಆಗಿದ್ದು 24 ಕಿಲೋ 300 ಗ್ರಾಂ. ಕಿಲೋಕ್ಕ 60ರಂಗ ಮಾತಾಡಿ 1,450 ಕೊಟ್ವಿ. ಅಂಗಡಿಯವರು ಹೇಳಿದ್ರು: "ತಂಗಿ, ಇವು 2019ರ ಹೊಳಿ ನೀರಾಗ ಮುಳಗಿದ್ದು. ನೀರ ಇಳದ ಮ್ಯಾಲ ತಂದ ಹಾಕಿದ್ರು, ಯಾರೂ ಒಯ್ದಿಲ್ಲ." ಆ ಆಗಸ್ಟಿನಾಗ ಘಟಪ್ರಭಾ ಗೋಕಾಕದೊಳಗ ಹೊಕ್ಕಿದ್ದು ನಿಮಗೂ ನೆನಪಿರಬೇಕು. ಎಮರಿ ಪೇಪರ್, ಸೀಮಿಎಣ್ಣಿ, ಒಂದು ಡಬ್ಬಿ ಕರೇ ಬಣ್ಣ, ಎರಡು ದಿನದ ತಿಕ್ಕಾಟ. ಪ್ರವಾಹದ ತುಕ್ಕು ಹೋತು.

6/8
ರಾಡು, ಬೆಂಚು ಸಿಕ್ಕಿದ್ದು ಮುಚ್ಚಿದ ಒಂದು ಜಿಮ್ಮಿನ ಮಾಲಕರ ಮನಿಯಾಗ. 2020ರ ಮಾರ್ಚಿನಾಗ ಲಾಕ್‌ಡೌನ್ ಆದಾಗ ಬಂದ್ ಆದ ಜಿಮ್ಮುಗಳಿಗೆ ಮತ್ತ ತೆಗಿಯಾಕ ಅನುಮತಿ ಸಿಕ್ಕಿದ್ದು ಆಗಸ್ಟ್ 5ಕ್ಕ. ಅಷ್ಟೂ ತಿಂಗಳು ಬಾಡಿಗಿ ಮಾತ್ರ ನಿಲ್ಲಲಿಲ್ಲ ಅಂದ್ರು ಅವರು. ಸಾಲ ತೀರಿಸಿ ಮುಚ್ಚ್ಯಾರ, ದೊಡ್ಡ ಮಶೀನ್ ಮೊದಲ ಹೋಗ್ಯಾವ, ಸಣ್ಣ ಸಾಮಾನು ಉಳದಾವ.

ರಾಡು ನೋಡೋದು ಹಿಂಗ: ಸಪಾಟ ಫರಸಿ ಮ್ಯಾಲ ಇಟ್ಟು ಉರುಳಸ್ರಿ. ನೆಟ್ಟಗ ಉರುಳಿದ್ರ ಚಲೋ. ನಡುವೆ ಎದ್ದು ಬಿದ್ದು ಕುಣದ್ರ ಬಾಗೇತಿ ಅಂತ ಅರ್ಥ, ಬಿಡ್ರಿ. ನಟ್ಟು ಎರಡೂ ಕಡೆ ಪೂರಾ ತಿರುಗಿಸಿ ನೋಡ್ರಿ, ಹಲ್ಲು ಸವದಿದ್ರ ಪ್ಲೇಟು ಜಾರಿ ಕಾಲ ಮ್ಯಾಲ ಬೀಳ್ತೈತಿ. ಬೆಂಚಿನ ಮ್ಯಾಲ ಮೊದಲ ದಪ್ಪ ಇದ್ದವರನ್ನ ಕುಂದ್ರಸ್ರಿ. ನಮ್ಮ ಅಪ್ಪ ಕುಂತ, ಒಂದು ಕಾಲು ಅಳ್ಳಾಡಿತು, ಕೆಳಗ ವೆಲ್ಡಿಂಗ್ ಬಿರುಕು ಬಿಟ್ಟಿತ್ತು. ವೆಲ್ಡಿಂಗ್ ಮ್ಯಾಲ ಅಷ್ಟಕ್ಕ ಹೊಸ ಬಣ್ಣ ಬಡದಿದ್ರ ಇನ್ನೂ ಹುಷಾರ್ ಇರ್ರಿ.

ರಾಡಿಗೆ 900, ಡಂಬೆಲ್‌ನ ಎರಡು ಸಣ್ಣ ರಾಡಿಗೆ 300. ಬೆಂಚಿಗೆ ಅವರು 1,500 ಹೇಳಿದ್ರು, ಬಿರುಕು ತೋರಿಸಿದ ಮ್ಯಾಲ 1,000ಕ್ಕ ಬಂದ್ರು. ನನಗ ಹುರುಪು ಬಂತು, "800 ಮಾಡ್ರಿ ಅಂಕಲ್" ಅಂದೆ. ಅಪ್ಪ ನನ್ನ ಕೈ ಹಿಡಿದ. ಹೊರಗ ಬಂದ ಮ್ಯಾಲ ಅಂದ: "ಬಿರುಕಿಂದು ರೇಟ್ ಇಳಸೂದು ನ್ಯಾಯ. ಅವನ ಅಡಚಣಿದು ರೇಟ್ ಇಳಸಬಾರದವಾ. ನಮ್ಮ ಗೋವಿನಜೋಳ ತಗೊಳ್ಳೂ ಮುಂದ ದಲಾಲಿ ನಮಗ ಮಾಡೂದು ಅದನ್ನ."

ಆ ಮಾತು ನನಗ ನಾಟಿತು. ಯಾಕಂದ್ರ ನಾ ಆ 5,000ದ ಜಾಹೀರಾತಿಗೆ ಬಿದ್ದಿದ್ದೂ ಅದಕ್ಕ. ಯಾರೋ ಅರ್ಜೆಂಟಿನ್ಯಾಗ ಅದಾರ, ಅವರ ಗಡಿಬಿಡಿ ನನ್ನ ಲಾಭ ಅಂತ ಒಳಗೊಳಗ ಖುಷಿ ಆಗಿತ್ತು. ಮೋಸಗಾರ ನನ್ನ ಆಸೆ ಓದಿದ್ದ.

ಬೆಂಚು ಟಂಟಂ ಮ್ಯಾಲ ಬರೂದಕ್ಕ ಅಪ್ಪನ ಗುರ್ತು ಸಾಕಾತು. ರಾಡು ನನ್ನ ಜೋಡಿ ಬಸ್ಸಿನ್ಯಾಗ ಬಂತು. ಕಂಡಕ್ಟರ್ ಅಣ್ಣ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಹರದು ಕೊಟ್ಟು, "ಯವ್ವಾ, ಯಾರ ಮನಿ ಕದಾ ಮುರಿಯಾಕ ಹೊಂಟಿ?" ಅಂದ್ರು.

7/8
ಉಳಿಸಿಟ್ಟುಕೊಳ್ಳಾಕ ಈ ಭಾಗ.

ತಗೋಬಹುದು: ಎರಕದ ಪ್ಲೇಟು, ಗಟ್ಟಿ ರಾಡು, ಡಂಬೆಲ್, ಸಾದಾ ಬೆಂಚು.

ವಿಚಾರ ಮಾಡ್ರಿ: ಟ್ರೆಡ್‌ಮಿಲ್. ಮೋಟರ್, ಬೆಲ್ಟು, ಬೋರ್ಡು ಮೂರೂ ಸವಿತಾವ. ನಮ್ಮ ಕರೆಂಟಿನ ಹಾವಳಿ ಬ್ಯಾರೆ. ಹತ್ತು ನಿಮಿಷ ಅದರ ಮ್ಯಾಲ ನೀವ ನಡದು ನೋಡದ ತಗೋಬ್ಯಾಡ್ರಿ. ಅಗ್ಗ ಸಿಗ್ತೈತಿ ಅಂತ ತಂದವರ ಮನಿಯಾಗ ಅದು ಅರಿಬಿ ಒಣ ಹಾಕೂ ಸ್ಟ್ಯಾಂಡ್ ಆಗೇತಿ.

ಬ್ಯಾಡ: ಹಳೇ ರಬ್ಬರ್ ಬ್ಯಾಂಡು, ಸವದ ಕೇಬಲ್ಲಿನ ಮಶೀನು. ಹಗ್ಗ ಹರದ್ರ ಮುಖಕ್ಕ ಬರ್ತೈತಿ.

ಯಾವಾಗ: ಈಗ. ಜನವರಿ ಒಂದಕ್ಕ ಆಣೆ ಮಾಡಿ ತಂದವರು ಮಾರ್ಚಿಗೆ ಬ್ಯಾಸರಾಗಿ ಮಾರ್ತಾರ. ಯುಗಾದಿ ಮುಂದ ಮನಿ ಸುಣ್ಣ ಬಣ್ಣ ಮಾಡೂವಾಗ ಅಟ್ಟದ ಮ್ಯಾಲಿನ ಸಾಮಾನು ಕೆಳಗ ಇಳೀತಾವ. ಆ ಹೊತ್ತಿಗೆ ಓಣಿಯಾಗ ಕೇಳ್ರಿ, ಸಂಬಂಧಿಕರಿಗೆ ಹೇಳಿಡ್ರಿ.

ಆನ್‌ಲೈನ್‌ನಾಗ ಜಾಹೀರಾತು ನೋಡೂದು ತಪ್ಪಲ್ಲ. ಆದ್ರ ಹಗಲು ಹೊತ್ತಿನ್ಯಾಗ, ಮನಿಯವರೊಬ್ಬರನ್ನ ಕರಕೊಂಡು ಹೋಗಿ, ನೋಡಿ, ಆಮೇಲೆ ರೊಕ್ಕ. ಮುಂಗಡ ಕೇಳಿದವರಿಗೆ ನಮಸ್ಕಾರ ಹೇಳ್ರಿ. ಮತ್ತ ಒಬ್ಬರ ಇದ್ದಾಗ ಬೆಂಚಿನ ಮ್ಯಾಲ ಮಲಗಿ ಭಾರದ ರಾಡು ಎತ್ತಬ್ಯಾಡ್ರಿ, ಬಾಜೂಕ ಯಾರರ ಇರಲಿ.

8/8
ಈಗ ಲೆಕ್ಕ. ಪ್ಲೇಟು 1,450. ರಾಡು 900. ಡಂಬೆಲ್ ರಾಡು 300. ಬೆಂಚು 1,000. ನಮ್ಮೂರ ವೆಲ್ಡಿಂಗ್ ಅಂಗಡಿಯಾಗ ಬಿರುಕು ಹಚ್ಚಿಸಿದ್ದು 150. ಬಣ್ಣ, ಎಮರಿ ಪೇಪರ್, ಸೀಮಿಎಣ್ಣಿ 200. ಒಟ್ಟು 4,000. ಕಳಕೊಂಡಿದ್ದು 2,000. ಪೂರಾ 6,000, ಈಗ ಒಂದು ರೂಪಾಯಿ ಮುಚ್ಚಿಟ್ಟಿಲ್ಲ.

ನಾಕು ತಿಂಗಳಾತು. ಬೆಳಿಗ್ಗೆ ಐದೂವರಿಗೆ ಏಳ್ತೀನಿ. ಗುಂಡು ಈಗ ಬೂಟಿನ ಮುಂದ ಬೀಳಂಗಿಲ್ಲ, ಹೋದ ವಾರ ಅಪ್ಪ ಪಟ್ಟಿ ಹಿಡಿದು ಅಳದಾಗ ನಾಕು ಮೀಟರ್ ದಾಟಿತ್ತು. ಪರೀಕ್ಷೆ ಪಾಸ್ ಆಗ್ತೀನೋ ಇಲ್ಲೋ ಮುಂದಿನ ಮಾತು.

ನಿನ್ನೆ ಒಂದು 2.5 ಕಿಲೋ ಪ್ಲೇಟು ಕಾಣಲಿಲ್ಲ. ಮನಿ ತುಂಬ ಹುಡುಕಿದೆ. ಮಾಳಿಗಿ ಮ್ಯಾಲ ಸಿಕ್ತು. ಗಾಳಿಗೆ ಹಾರಬಾರದು ಅಂತ ಅವ್ವ ಶಾವಿಗಿ ಒಣಗಿಸಿದ ಧೋತರದ ಚುಂಗಿನ ಮ್ಯಾಲ ಇಟ್ಟಿದ್ಲು. "ಯವ್ವಾ, ಇದು ನನ್ನ ಜಿಮ್ಮಿಂದು" ಅಂದೆ. "ಅರ್ಧ ರೊಕ್ಕ ನನ್ನ ಹೊಲಿಗಿ ಮಶೀನಿಂದು, ಸಂಜಿಗೆ ಕೊಡ್ತೀನಿ ಸುಮ್ನಿರು" ಅಂದ್ಲು.

ನಿಮ್ಮಲ್ಲೂ ಯಾರಿಗರ ಹಿಂಗ ಮೋಸ ಆಗಿದ್ದು ಹೇಳಲಾರದ ಕುಂತಿದ್ರ, ಮೊದಲ 1930ಕ್ಕ ಹಚ್ರಿ, ಆಮೇಲೆ ಮನಿಯಾಗ ಹೇಳ್ರಿ. ಲೈಟ್ ಹೋಗೂ ತನಕ ಕಾಯಬ್ಯಾಡ್ರಿ.

#ಅಂಕಲಗಿ #ಗೋಕಾಕ #ಭಂಗಾರದಜಿಮ್