ಹಕಾರ ಕಲಿತ ಮೇಲೆ

ಕಳೆದ ತಿಂಗಳು ಪದವಿ ತರಗತಿಯ ಹುಡುಗನೊಬ್ಬ ಹರಿಹರನ ರಗಳೆಗಳ ಬಗ್ಗೆ ಸೆಮಿನಾರ್ ಮಂಡಿಸುತ್ತಿದ್ದ. ಸಂಶೋಧನೆಯ ಜೊತೆಗೆ ವಾರಕ್ಕೆರಡು ತರಗತಿ ತೆಗೆದುಕೊಳ್ಳುವ ಕೆಲಸ ನನ್ನದು. ಹಾಗಾಗಿ ಅಂಕ ಹಾಕುವ ಹಾಳೆಯೂ ನನ್ನ ಮುಂದಿತ್ತು. ಹುಡುಗ ಚೆನ್ನಾಗಿ ಓದಿಕೊಂಡು ಬಂದಿದ್ದ. ಆದರೆ ಮೊದಲ ವಾಕ್ಯದಲ್ಲೇ 'ಅಳಗನ್ನಡ' ಅಂದ, ಎರಡನೆಯದರಲ್ಲಿ 'ಅರಿಅರ' ಅಂದ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬಂತು. ತಿದ್ದಿಕೊಳ್ಳಲು ಹೋಗಿ ಮುಂದಿನ ಸಾಲಿನ 'ಅರಸ'ನನ್ನು 'ಹರಸ' ಮಾಡಿದ. ಈಗ ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಜೋರಾಗಿ ಅಲ್ಲ, ತುಟಿಯಂಚಿನಲ್ಲಿ. ಹುಡುಗ ತಿರುಗಿ ನೋಡಿದ್ದು ಹಿಂದಿನ ಬೆಂಚನ್ನಲ್ಲ, ನನ್ನನ್ನು. 'ಇಷ್ಟೇ ಮೇಡಂ' ಎಂದು ಹಾಳೆ ಮಡಚಿ ಕೂತುಬಿಟ್ಟ. ಕೈಯಲ್ಲಿ ಇನ್ನೂ ನಾಲ್ಕು ಪುಟ ಉಳಿದಿದ್ದವು.

ಆ ವಾರ ನಾನು ಬರೆಯುತ್ತಿದ್ದ ಅಧ್ಯಾಯ ಕಣ್ಣಿಗೆ ಕಾಣದ ಅಧಿಕಾರದ ಬಗ್ಗೆ. ಲಾಠಿ ಹಿಡಿಯದೆ, ಆದೇಶ ಹೊರಡಿಸದೆ, ನಮ್ಮ ಒಪ್ಪಿಗೆಯಿಂದಲೇ ನಮ್ಮನ್ನು ಆಳುವ ಶಕ್ತಿಗಳ ಬಗ್ಗೆ. ಮೂರು ವರ್ಷದಿಂದ ಇದನ್ನೇ ಓದುತ್ತಿದ್ದೇನೆ, ಟಿಪ್ಪಣಿ ಮಾಡುತ್ತಿದ್ದೇನೆ. ಆದರೂ ಆ ನಗು ನನ್ನ ಅನುಮತಿ ಕೇಳದೆ ಬಂತು.

ಅದಕ್ಕಿಂತ ಕೆಟ್ಟ ಸಂಗತಿಯೆಂದರೆ, ನಾನೂ ಆ ಹುಡುಗನ ಊರುಗಳ ಕಡೆಯವಳೇ. ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಹಾಲು ಆಲು, ಹಸು ಅಸ, ಹೊಲ ಒಲ. ಹೈಸ್ಕೂಲಿಗೆ ತಾಲೂಕು ಕೇಂದ್ರಕ್ಕೆ ಬಂದಾಗಲೇ ನನ್ನ ನಾಲಿಗೆಯಲ್ಲಿ ಏನೋ ಐಬಿದೆ ಎಂದು ಗೊತ್ತಾದದ್ದು. ಅಲ್ಲಿನ ಕನ್ನಡ ಮೇಷ್ಟ್ರು ಒಳ್ಳೆಯವರು, ಒಂದು ದಿನವೂ ಹೊಡೆದವರಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದುಕೊಂಡು 'ಹಾಲು' ಅನ್ನಿಸುತ್ತಿದ್ದರು. ಅಂಗೈಗೆ ಉಸಿರು ತಾಗಿದರೆ ಪಾಸು. ನಾನು ರಾತ್ರಿ ಚಾಪೆಯ ಮೇಲೆ ಮಲಗಿ, ಹೊದಿಕೆಯೊಳಗೆ ಅಂಗೈ ಹಿಡಿದು ಹಕಾರ ಅಭ್ಯಾಸ ಮಾಡುತ್ತಿದ್ದೆ. ಉತ್ಸಾಹ ಎಷ್ಟು ಹೆಚ್ಚಾಯಿತೆಂದರೆ ಆಗಸ್ಟ್ ಹದಿನೈದರ ಭಾಷಣದಲ್ಲಿ 'ಹಣ್ಣ ತಮ್ಮಂದಿರೇ' ಎಂದು ಶುರು ಮಾಡಿದೆ. ಒಂದು ವರ್ಷ ನನ್ನ ಹೆಸರೇ 'ಹಣ್ಣು' ಆಗಿತ್ತು. ಎಸೆಸೆಲ್ಸಿ ಮುಗಿಯುವ ಹೊತ್ತಿಗೆ ಮಾತ್ರ ಯಾರಿಗೂ ನನ್ನ ಊರು ಪತ್ತೆಯಾಗದಷ್ಟು ಶುದ್ಧಳಾಗಿದ್ದೆ.

ಎಂಎಗೆ ಬಂದು ಭಾಷಾವಿಜ್ಞಾನದ ಪತ್ರಿಕೆ ಓದುವವರೆಗೆ ಇದು ನನ್ನದೇ ದೋಷ ಅಂದುಕೊಂಡಿದ್ದೆ. ಅಲ್ಲಿ ತಿಳಿದದ್ದು ಇಷ್ಟು: ಪಂಪ 941ರ ಸುಮಾರಿಗೆ ಕಾವ್ಯ ಬರೆದಾಗ ಅವನ ಕನ್ನಡದಲ್ಲಿ ಹಾಲೂ ಇರಲಿಲ್ಲ, ಆಲೂ ಇರಲಿಲ್ಲ. ಇದ್ದದ್ದು ಪಾಲ್. ಹುಲಿ ಪುಲಿಯಾಗಿತ್ತು, ಹೂವು ಪೂ ಆಗಿತ್ತು, ಹೋಗು ಪೋಗು ಆಗಿತ್ತು. ತಮಿಳರು ಇವತ್ತಿಗೂ ಪಾಲ್ ಅನ್ನುತ್ತಾರೆ, ತೆಲುಗರು ಪಾಲು ಅನ್ನುತ್ತಾರೆ. ಕನ್ನಡಿಗರ ತುಟಿ ಸಡಿಲವಾಗುತ್ತಾ ಬಂದು, ನಡುಗನ್ನಡದ ಹೊತ್ತಿಗೆ ಪಕಾರ ಹಕಾರವಾಯಿತು. ನಮ್ಮ ಹಳ್ಳಿಗಳಲ್ಲಿ ಆ ಸಡಿಲಿಕೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು, ಅಷ್ಟೇ. ಪಂಪನ ಕಿವಿಗೆ ಮೇಷ್ಟ್ರ ಹಾಲೂ ನನ್ನ ಆಲೂ ಎರಡೂ ಕೆಟ್ಟ ಉಚ್ಚಾರಣೆಯೇ. ಒಂದು ಸಡಿಲಿಕೆಗೆ 'ಭಾಷೆಯ ಬೆಳವಣಿಗೆ' ಎಂದು ಹೆಸರು, ಇನ್ನೊಂದಕ್ಕೆ 'ಅಶುದ್ಧಿ' ಎಂದು ಹೆಸರು. ಈ ಹೆಸರಿಟ್ಟವರು ಯಾರು? ಹುಡುಕುತ್ತಾ ಹೋದರೆ ಒಬ್ಬ ಖಳನಾಯಕನೂ ಸಿಗುವುದಿಲ್ಲ. ಸಿಗುವುದು ಪಠ್ಯಪುಸ್ತಕ, ಅಚ್ಚುಮನೆ, ಕಚೇರಿ, ಆಕಾಶವಾಣಿ, ಮತ್ತು ನಮ್ಮ ಮೇಷ್ಟ್ರಂಥ ಒಳ್ಳೆಯ ಮನುಷ್ಯರು.

ಆಂಟೋನಿಯೊ ಗ್ರಾಮ್ಶಿಯ ಯಜಮಾನಿಕೆಯ ಪರಿಕಲ್ಪನೆ ನಮ್ಮ ವಿಚಾರ ಸಂಕಿರಣಗಳಲ್ಲಿ ಉಪ್ಪಿನಕಾಯಿಯ ಹಾಗೆ, ಎಲ್ಲ ಎಲೆಗೂ ಬೀಳುತ್ತದೆ. ಆದರೆ ಅವನು ಮೊದಲು ಭಾಷಾವಿಜ್ಞಾನದ ವಿದ್ಯಾರ್ಥಿಯಾಗಿದ್ದ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1891ರಲ್ಲಿ ಸಾರ್ಡಿನಿಯಾ ದ್ವೀಪದ ಸಣ್ಣ ಊರೊಂದರಲ್ಲಿ ಹುಟ್ಟಿದವನು, ಬಡ ವಿದ್ಯಾರ್ಥಿಗಳಿಗಾಗಿ ಇದ್ದ ವೇತನ ಪಡೆದು 1911ರಲ್ಲಿ ಟ್ಯೂರಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿ ಮಾತ್ತೆಯೋ ಬಾರ್ತೋಲಿ ಎಂಬ ಭಾಷಾವಿಜ್ಞಾನಿಯ ಶಿಷ್ಯನಾದ. ಮುಸೊಲಿನಿಯ ಸರ್ಕಾರ 1926ರಲ್ಲಿ ಅವನನ್ನು ಬಂಧಿಸಿತು. ಸೆರೆಮನೆಯ ಟಿಪ್ಪಣಿಗಳ ಕೊನೆಯ ಪುಸ್ತಕವನ್ನು ಅವನು ಮೀಸಲಿಟ್ಟದ್ದು ವ್ಯಾಕರಣಕ್ಕೆ. ಪುಸ್ತಕದಲ್ಲಿರುವ ವ್ಯಾಕರಣವಲ್ಲದೆ ಇನ್ನೊಂದಿದೆ, ಅದನ್ನು ಜನ ಒಬ್ಬರಿಗೊಬ್ಬರು ತಿದ್ದುತ್ತಾ, 'ಏನಂದೆ?' ಎಂದು ಕೇಳುತ್ತಾ, ಅಣಕಿಸುತ್ತಾ ಜಾರಿಯಲ್ಲಿಡುತ್ತಾರೆ ಎನ್ನುವುದು ಅಲ್ಲಿನ ಒಂದು ಮಾತಿನ ತಿರುಳು. ಈ ಭಾಗಕ್ಕೆ ನಾನು ಹಳದಿ ಗೆರೆ ಎಳೆದಿದ್ದೆ. ಸೆಮಿನಾರಿನ ದಿನ ಸಂಜೆ ತೆಗೆದು ನೋಡಿದರೆ ಗೆರೆ ಅಲ್ಲೇ ಇತ್ತು.

ಅದೇ ಗ್ರಾಮ್ಶಿ 1927ರಲ್ಲಿ ಸೆರೆಯಿಂದ ತಂಗಿಗೆ ಬರೆದ ಕಾಗದದಲ್ಲಿ, ಮಗು ಸಾರ್ಡಿನಿಯನ್ ಮಾತಾಡಲಿ, ತಡೆಯಬೇಡ ಎಂದು ಕೇಳಿಕೊಳ್ಳುತ್ತಾನೆ. ಹಾಗೆಂದು ಅವನು ಆಡುನುಡಿಯ ಭಾವುಕ ಭಕ್ತನೂ ಅಲ್ಲ. ಆಡುನುಡಿ ಮಾತ್ರ ಬಲ್ಲವನ ಲೋಕ ಕಿರಿದಾಗುತ್ತದೆ, ಎಲ್ಲರೂ ಸಾಮಾನ್ಯ ಭಾಷೆಯನ್ನು ಕಲಿಯಲೇಬೇಕು ಎಂದವನೂ ಅವನೇ. ಈ ಎರಡು ಮಾತುಗಳ ನಡುವೆ ನಾನು ಎಷ್ಟೋ ದಿನ ಒದ್ದಾಡಿದ್ದೇನೆ. ಮೇಷ್ಟ್ರು ಅಂಗೈ ಹಿಡಿಸದಿದ್ದರೆ ನಾನು ಈ ವಿಭಾಗದ ಮೆಟ್ಟಿಲು ಹತ್ತುತ್ತಿದ್ದೆನೋ ಇಲ್ಲವೋ. ಕಲಬುರಗಿಯವರೂ ಕುಂದಾಪುರದವರೂ ಈ ಬರಹ ಓದಬಲ್ಲರೆಂದರೆ ಅದು ಆ ಸಾಮಾನ್ಯ ಕನ್ನಡದ ಪುಣ್ಯ. ಹಾಗಾಗಿ ಶಿಷ್ಟ ಕನ್ನಡವನ್ನು ಬೈದು ಕೈ ತೊಳೆದುಕೊಳ್ಳುವುದು ನನ್ನಿಂದ ಆಗದು. ಮಹಾಪ್ರಾಣಗಳನ್ನೇ ಬಿಡಬೇಕೆಂದು ವಾದಿಸಿ, ತಮ್ಮ ಹೆಸರನ್ನೂ 'ಬಟ್' ಎಂದೇ ಬರೆದುಕೊಂಡ ಡಿ. ಎನ್. ಶಂಕರ ಬಟ್ ಅವರ ಧೈರ್ಯ ನನಗಿಲ್ಲ.

ರಾಜಕೀಯದಲ್ಲಿ ಈ ಲೆಕ್ಕ ಬೇರೆಯೇ ರೀತಿ ನಡೆಯುತ್ತದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯೊ ಒಂದು ಪ್ರಸಂಗ ಹೇಳುತ್ತಾನೆ. 1974ರಲ್ಲಿ ಪೋ ನಗರದ ಮೇಯರ್, ಸ್ಥಳೀಯ ಕವಿಯೊಬ್ಬನ ಗೌರವಾರ್ಥ ಸಮಾರಂಭದಲ್ಲಿ ಅಲ್ಲಿನ ಬೆಯಾರ್ನೀ ನುಡಿಯಲ್ಲಿ ಮಾತಾಡಿದ. ಸಭಿಕರ ಹೃದಯ ತುಂಬಿಬಂತು ಎಂದು ಪತ್ರಿಕೆ ಬರೆಯಿತು. ಸಭಿಕರೆಲ್ಲರ ಮನೆಮಾತೂ ಅದೇ! ಅದೇ ಮಾತನ್ನು ರೈತನೊಬ್ಬ ಆಡಿದ್ದರೆ ಯಾರ ಹೃದಯವೂ ತುಂಬುತ್ತಿರಲಿಲ್ಲ. ಬೋರ್ದಿಯೊ ಕೂಡ ಅದೇ ಬೆಯಾರ್ನ್ ಸೀಮೆಯ ಹಳ್ಳಿಯವನು. ಅವನಿಗೆ ಇದು ತಟ್ಟನೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮಲ್ಲೂ ಚುನಾವಣೆ ಬಂದಾಗ ದೆಹಲಿಯ ನಾಯಕರು ಎರಡು ಸಾಲು ಕನ್ನಡ ಆಡಿದರೆ ಮೈದಾನ ಶಿಳ್ಳೆ ಹಾಕುತ್ತದೆ. ಎತ್ತರದಲ್ಲಿರುವವರು ಕೆಳಗಿಳಿದು ಬಂದರೆ ಚಪ್ಪಾಳೆ, ಕೆಳಗೇ ಇರುವವರು ಹಾಗೇ ಮಾತಾಡಿದರೆ ನಗು.

ಅಧಿಕಾರ ಸಿಕ್ಕಮೇಲೂ ತಮ್ಮ ಊರಿನ ನಾಲಿಗೆ ಬಿಡದವರೂ ಇದ್ದಾರೆ. ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾಗಿದ್ದ ಸಿದ್ದರಾಮಯ್ಯನವರು ಮೈಸೂರು ಸೀಮೆಯ ಅದೇ ಮಾತಿನಲ್ಲಿ ಸದನದಲ್ಲಿ ಸಂಧಿಗಳ ಪಾಠ ಮಾಡಿದ್ದನ್ನು ನೀವೂ ನೋಡಿರಬಹುದು. ಮಿಮಿಕ್ರಿಯವರಿಗೆ ಅದು ಸರಕಾದದ್ದೂ ನಿಜ. ಒಂದು ಮಾತ್ರ ನನ್ನನ್ನು ಕಾಡುತ್ತದೆ: ದೇವೇಗೌಡರಿಗೆ ನಾವು 'ಮಣ್ಣಿನ ಮಗ' ಎಂಬ ಬಿರುದು ಕೊಟ್ಟೆವು. 'ಮಣ್ಣಿನ ಮಗಳು' ಎಂದು ಯಾರನ್ನು ಕರೆದಿದ್ದೇವೆ? ಹೀಗೆ ಮಾತಾಡುವ ಹೆಂಗಸಿಗೆ ಟಿವಿಯಲ್ಲಿ ಸಿಗುವುದು ಹೆಚ್ಚಾಗಿ ಕೆಲಸದಾಕೆಯ ಪಾತ್ರ, ಇಲ್ಲವೇ ಕಾಮಿಡಿ ಶೋ.

ನನ್ನ ಅವ್ವ ಒಮ್ಮೆ ನನ್ನ ಹಾಸ್ಟೆಲಿಗೆ ಬಂದಿದ್ದಳು. ಊರಲ್ಲಿ ಅವಳ ಬಾಯಿಗೆ ಹೆದರದವರಿಲ್ಲ. ಡೈರಿಯಲ್ಲಿ ಫ್ಯಾಟ್ ಕಡಿಮೆ ಬರೆದರೆ ಅಲ್ಲೇ ನಿಂತು ಲೆಕ್ಕ ಕೇಳುವವಳು. ಅಂಥವಳು ನನ್ನ ಗೈಡ್ ಎದುರಿಗೆ ಬಂದಾಗ ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತಳು. ಆಮೇಲೆ ಕೇಳಿದ್ದಕ್ಕೆ, 'ನಾನ್ಯಾಕವ್ವ ಮಾತಾಡ್ಲಿ, ನಿಮ್ಮೋರ್ ತಾವ ನೀನೇ ಮಾತಾಡು. ನಂಗೆ ನಾಲ್ಗೆ ತಿರ್ಗಾಕಿಲ್ಲ' ಅಂದಳು. ಯಾರೂ ಅವಳನ್ನು ಸುಮ್ಮನಿರು ಅಂದಿರಲಿಲ್ಲ.

ಸೆಮಿನಾರ್ ಆದ ಶನಿವಾರ ಊರಿಗೆ ಹೋದೆ. ಅವ್ವ ಹೊಸ ಫೋನಿಗೆ 'ಉಳ್ಳಿ ಸಾರು' ಎಂದು ಹೇಳುತ್ತಿದ್ದಳು. ಫೋನು ಮತ್ತೆ ಮತ್ತೆ ಈರುಳ್ಳಿ ಸಾರು ತೋರಿಸುತ್ತಿತ್ತು. ನಲವತ್ತು ವರ್ಷ ಹುರುಳಿ ಬೇಯಿಸಿದವಳಿಗೆ ಆ ವಿಡಿಯೋ ಯಾಕೆ ಬೇಕಿತ್ತೋ, ಅದು ಬೇರೆ ಮಾತು. ನಾನು ನಗುತ್ತಾ ಪಕ್ಕದಲ್ಲಿ ಕೂತು, 'ಹಂಗಲ್ಲ ಕಣವ್ವ, ಹುರುಳಿ ಅನ್ನು. ಹು. ನೋಡು, ಕೈಗೆ ಗಾಳಿ ತಾಗ್ಬೇಕು' ಎಂದು ಅವಳ ಅಂಗೈ ಹಿಡಿದು ಅವಳ ಬಾಯಿಯ ಮುಂದೆ ತಂದೆ. ಸೆಗಣಿ ಬಾಚಿ, ಕಳೆ ಕಿತ್ತು ಒರಟಾದ ಅಂಗೈ. ಅವಳು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ 'ಹು' ಅಂದಳು. ಫೋನಿಗೆ ಅರ್ಥವಾಯಿತು. 'ಬಂತು ನೋಡವ್ವ' ಎಂದು ಹಿಗ್ಗಿದಳು. ನಾನು ಅವಳ ಕೈ ಬಿಟ್ಟೆ.

ನನ್ನ ಅಂಕಪಟ್ಟಿಯಲ್ಲಿ 'ಉಚ್ಚಾರಣೆ' ಎಂಬ ಕಲಮು ಇದೆ, ಐದು ಅಂಕಕ್ಕೆ. ಉಳಿದವರದ್ದೆಲ್ಲ ತುಂಬಿದ್ದೇನೆ. ಆ ಹುಡುಗನ ಲಿಖಿತ ಪ್ರಬಂಧದಲ್ಲಿ ಒಂದು ಹಕಾರವೂ ತಪ್ಪಿಲ್ಲ, ಮುತ್ತಿನಂಥ ಅಕ್ಷರ. ಗುರುವಾರ ಕಾರಿಡಾರಿನಲ್ಲಿ ಸಿಕ್ಕಾಗ, ಉಳಿದ ನಾಲ್ಕು ಪುಟ ಸೋಮವಾರ ಮಂಡಿಸು ಅಂದೆ. ಕ್ಷಮೆ ಕೇಳಬೇಕೆಂದಿದ್ದೆ, ಮಾತು ಹೊರಡಲಿಲ್ಲ. ಅವನು ನೆಲ ನೋಡುತ್ತಾ, 'ಬೇಡ ಮೇಡಂ, ಬರ್ದಿದ್ದಕ್ಕೇ ಮಾರ್ಕ್ಸ್ ಕೊಡಿ' ಅಂದ. ಒಂದೊಂದು ಪದವನ್ನೂ ತೂಗಿ, ಹಕಾರವೇ ಬರದ ಹಾಗೆ ನೋಡಿಕೊಂಡು ಮಾತಾಡಿದಂತಿತ್ತು. 'ಬೇಡ ಕಣಪ್ಪ, ಬಂದು ಯೋಳು' ಅಂದೆ. ಎಷ್ಟೋ ವರ್ಷದ ಮೇಲೆ ವಿಭಾಗದೊಳಗೆ ಆ ಮಾತು ನನ್ನ ಬಾಯಿಂದ ಬಂದಿತ್ತು. ಅವನು ತಲೆಯೆತ್ತಿ ನನ್ನನ್ನೇ ನೋಡಿದ. ಅಣಕಿಸುತ್ತಿದ್ದೇನೋ ಏನೋ ಎಂದು ಅವನ ಕಣ್ಣು ಹುಡುಕುತ್ತಿತ್ತು.