ಇಕ್ಕೇರಿಗೆ ಬಂದ ರೋಮಿನ ಅತಿಥಿ

ಶಿರಸಿ, ಸಿದ್ದಾಪುರಗಳನ್ನು ದಾಟಿ ಸಾಗರಕ್ಕೆ ಬರುವ ಪ್ರವಾಸಿಗರು ಅಲ್ಲಿಂದ ಕೆಲವೇ ಮೈಲಿ ದೂರದ ಇಕ್ಕೇರಿಗೆ ಹೋಗಿ ಅಘೋರೇಶ್ವರನ ದರ್ಶನ ಪಡೆದು ಮರಳುವುದು ವಾಡಿಕೆ. ಈ ಪ್ರಶಾಂತ ಹಳ್ಳಿ ಒಮ್ಮೆ ಕೆಳದಿ ಅರಸರ ರಾಜಧಾನಿಯಾಗಿತ್ತೆಂದು ಸಾರಲು ಆ ಶಿಲಾದೇಗುಲ ನಿಂತಿದೆ. ಆದರೆ ಅಂದಿನ ಬೀದಿಗಳ ಬಾಳು? ಅದನ್ನು ಬರೆದಿಟ್ಟವನು ಒಬ್ಬ ವಿದೇಶೀಯ.

ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ, ವೆಂಕಟಪ್ಪ ನಾಯಕನಲ್ಲಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟವನ್ನೇರಿದನು. ದಾರಿಯಲ್ಲಿ ಗುಡಿಯೊಂದರ ಜಗಲಿಯ ಮೇಲೆ ಹುಡುಗರು ರಾಗವಾಗಿ ಹಾಡುತ್ತ, ಮರಳಿನಲ್ಲಿ ಬೆರಳಾಡಿಸಿ ಲೆಕ್ಕ ಕಲಿಯುವುದನ್ನು ಕಂಡು ಬೆರಗಾಗಿ ನಿಂತನು. ಇಕ್ಕೇರಿಯಲ್ಲಿಯೂ ರಾಯಭಾರದ ಮಾತುಕತೆಗಿಂತ ಬೀದಿಯೇ ಅವನಿಗೆ ಪ್ರಿಯವಾಗಿದ್ದಂತೆ ತೋರುತ್ತದೆ. ಹೂ ಮುಡಿದ ಬಾಲೆಯರ ಕೋಲಾಟವನ್ನು ಮನದಣಿಯೆ ನೋಡಿದನು.

ಒಂದು ದಿನ, ಕೈಯಲ್ಲಿ ಕನ್ನಡಿ ಮತ್ತು ನಿಂಬೆಹಣ್ಣು ಹಿಡಿದು ಕುದುರೆಯೇರಿ ಬರುತ್ತಿದ್ದ ವಿಧವೆಯೊಬ್ಬಳು ಅವನ ಕಣ್ಣಿಗೆ ಬಿದ್ದಳು. ಸಹಗಮನಕ್ಕೆ ನಿಶ್ಚಯಿಸಿದ್ದವಳು! ನೋಡಿ ಸುಮ್ಮನಾಗುವ ಪ್ರವಾಸಿ ಅವನಲ್ಲ; ಅವಳ ಮನೆಯನ್ನೇ ಹುಡುಕಿಕೊಂಡು ಹೋದನು. ತೆಲುಗು ಮೂಲದವಳು, ಗಂಡ ವಾದ್ಯ ಬಾರಿಸಿ ಬದುಕುತ್ತಿದ್ದವನು. ಎಳೆಯ ಮಕ್ಕಳನ್ನು ತೊರೆದು ಹೋಗುವುದೆಂತು ಎಂದು ಕೇಳಿದನು. ಮಕ್ಕಳನ್ನು ಬಂಧುಗಳಿಗೆ ಒಪ್ಪಿಸಿಯಾಗಿತ್ತು. ನಗುಮುಖದಿಂದಲೇ ಅವಳು ಉತ್ತರಿಸಿದಳಂತೆ, ನಿರ್ಧಾರ ಕದಲಲಿಲ್ಲ. ಅವಳಿಗಿಂತ ಹೆಚ್ಚಿನ ದುಃಖದಿಂದ ಅವನೇ ಹೊರಬಂದನು, ತನ್ನ ಲೇಖನಿಗೆ ಶಕ್ತಿಯಿರುವಷ್ಟು ಅವಳ ಹೆಸರನ್ನು ಉಳಿಸುವೆನೆಂದು ಮಾತು ಕೊಟ್ಟು.

ನೇಪಲ್ಸಿನ ಮಿತ್ರನಿಗೆ ಇಕ್ಕೇರಿಯಿಂದ ಬರೆದ ಪತ್ರದಲ್ಲಿ ಆ ಹೆಸರು ಇಂದಿಗೂ ಇದೆ: ‘ಜಾಕ್ಕಮಾ’. ನಮ್ಮ ಜಕ್ಕಮ್ಮ ಇಟಲಿಯ ನಾಲಗೆಯಲ್ಲಿ ಹಾಗಾಗಿರಬೇಕು.